ಔಷಧಿಗೆ ಬಗ್ಗದ ತಿಗಣೆಗಳು

ಅಕ್ಕಾ,

ಕ್ಷೇಮವಾಗಿ ತಲುಪಿ ಶಾಲೆಯ ಕೆಲಸಕ್ಕೆ ಸೇರಿದೆ. ಆದರೆ ಈ ವಸತಿಗೃಹದ ತಿಗಣೆಗಳು ನನ್ನ ಪ್ರಾಣ ಹಿಂಡುತ್ತಿವೆ. ಯಜಮಾನರು ವರ್ಷಗಳಿಂದ ಒಂದೇ ಔಷಧಿ ಹೊಡೆಯುತ್ತಾರೆ. ಇವತ್ತು ಹೊಡೆದಾಗ ಒಂದು ತಿಗಣೆ ಆ ಒದ್ದೆಯ ಮೇಲೆಯೇ ನಡೆದು ನನ್ನ ದಿಂಬು ಹತ್ತಿತು, ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ!

"ಕುಡ್ದು ಕುಡ್ದು ಅಭ್ಯಾಸ ಆಗ್ಬಿಟ್ಟಿದೆ ಟೀಚರ್ ಇವಕ್ಕೆ" ಎಂದರು ಯಜಮಾನರು.

"ಅಭ್ಯಾಸ ಅಲ್ಲ ಸ್ವಾಮಿ! ಮೊದಲೇ ಅವುಗಳಲ್ಲಿ ಒಂದೆರಡು ಗಟ್ಟಿಪಿಂಡ ಇದ್ವು. ನೀವು ಉಳಿದವನ್ನ ಕೊಂದ್ರಿ. ಬದುಕಿದ ಗಟ್ಟಿಪಿಂಡಗಳು ಮೊಟ್ಟೆ ಇಟ್ವು, ಮರಿಗಳಿಗೂ ಅದೇ ಗುಣ ಬಂತು. ಈಗ ಮನೆ ತುಂಬ ಅವುಗಳದೇ ವಂಶ. ಜೀವವಿಕಾಸ ಅಂದ್ರೆ ಇದೇ."

"ಕೋತಿಯಿಂದ ಮನುಷ್ಯ ಆದ ಅಂತಾರಲ್ಲ, ಅದಾ? ಅದನ್ನೆಲ್ಲ ಯಾರು ಕಂಡಿದಾರೆ ಬಿಡಿ!"

ಸಾಕ್ಷಿ ನನ್ನ ದಿಂಬಿನ ಮೇಲೆ ಓಡಾಡುತ್ತಿದೆ, ಯಾರು ಕಂಡಿದ್ದಾರಂತೆ! ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಯಿತು. ನಾನೇ ತೋಳೇರಿಸಿ, ಮಂಚವನ್ನು ಹಿತ್ತಲಿಗೆ ಎಳೆದು, ಸಂದುಗೊಂದಿಗೆಲ್ಲ ಕುದಿಯುವ ನೀರು ಸುರಿದೆ. ರಾಶಿ ರಾಶಿ ಸತ್ತು ಬಿದ್ದವು. ಯಜಮಾನರು ಓಡಿ ಬಂದು ನೋಡಿದವರೇ ಅಕ್ಕಪಕ್ಕದ ಕೋಣೆಯವರನ್ನೆಲ್ಲ ಕೂಗಿ ಕರೆದರು.

"ನೋಡಿ, ನಾನು ಹೇಳ್ತಿರ್ಲಿಲ್ವಾ? ನಮ್ಮ ಔಷಧಿ ಕೆಲಸ ಮಾಡೋಕೆ ಸ್ವಲ್ಪ ಟೈಮ್ ತಗೊಳುತ್ತೆ ಅಷ್ಟೆ!"

ಮೈಯೆಲ್ಲ ದದ್ದು ಎದ್ದಿದೆ, ಜ್ವರವಿಲ್ಲ, ಅಮ್ಮನಿಗೆ ಹೇಳಬೇಡ. ಇಗೋ, ಯಜಮಾನರು ಹುರುಪಿನಲ್ಲಿ ಮತ್ತೆ ಔಷಧಿ ಪಂಪು ಹಿಡಿದು ನನ್ನ ಕೋಣೆಗೇ ನುಗ್ಗುತ್ತಿದ್ದಾರೆ, ತಡೆಯಬೇಕು.

ನಿನ್ನ ತಂಗಿ