ಸೇತುವೆಯ ಕೆಳಗೆ ಕೊನೆಯ ಸುತ್ತು

ಹಡಗುಕಟ್ಟೆ ಕ್ವಾರ್ಟರ್ಸ್,
ಮಾರ್ಚ್ ೯, ಭಾನುವಾರ

ಮುದ್ದು ಮಗನೇ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಕೆಲಸದ ಭರದಲ್ಲಿ ಊಟ ಬಿಡಬೇಡ. ನನ್ನದು ಅದೇ ಮಂಡಿನೋವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

ನಮ್ಮ ದೊಡ್ಡ ಫೆರಿಯ ಓಡಾಟ ನಿಂತುಹೋಯಿತು ಕಣೋ. ಗುಜರಿಗೆ ಮಾರಿಬಿಟ್ಟರು. ನಾನು ಮದುವೆಯಾಗಿ ಬಂದ ವರ್ಷವೇ ಅದೂ ಹೊಸದಾಗಿ ಬಂದದ್ದು. ಕೆಳಗೆ ಕಾರು, ಲಾರಿ; ಮೇಲೆ ಜನ; ನಡುವೆ ನನ್ನ ಕ್ಯಾಂಟೀನು. ಬಿರುಗಾಳಿ ಎರಗಿದ ವರ್ಷ ದ್ವೀಪದವರನ್ನೆಲ್ಲ ಮಂಚ, ಮೇಕೆ ಸಮೇತ ಕಾರು ನಿಲ್ಲಿಸುವ ಜಾಗದಲ್ಲಿ ತುಂಬಿಕೊಂಡು ಬಂದಿತ್ತು. ಆಮೇಲೆ ಎಂಜಿನ್ ಬದಲಾಯಿತು, ಹೆಸರು ಬದಲಾಯಿತು, ಮಾಲೀಕರೂ ಬದಲಾದರು. ಎಂಜಿನ್ ಕೋಣೆಯಲ್ಲಿ ನಿನ್ನಪ್ಪ ಮಾತ್ರ ಬದಲಾಗಲಿಲ್ಲ. ನೀನು ವೆಲ್ಡಿಂಗ್ ಕಲಿತದ್ದೂ ಅವರ ಕೈಕೆಳಗೇ. ಕಲಿತವನು ಸೇತುವೆ ಕಟ್ಟುವ ಕೆಲಸಕ್ಕೆ ಸೇರಿದೆ ಎಂದು ಅವರು ಮಾತು ಬಿಟ್ಟರು. "ನನ್ನ ಹಡಗಿಗೆ ಕುತ್ತು ತರೋಕೆ ನನ್ನ ಮಗನೇ ಬೇಕಾಗಿತ್ತಾ?" ಎಂದದ್ದು ನಿನಗೂ ನೆನಪಿರಬೇಕು. ಸೇತುವೆ ತೆರೆದ ಮೇಲೆ ಕಾರುಗಳೆಲ್ಲ ಅತ್ತ ತಿರುಗಿದವು. ಖಾಲಿ ಹಡಗಿನಲ್ಲಿ ನಾನೇ ಟೀ ಕಾಯಿಸಿ ನಾನೇ ಕುಡಿದೆ. ನಿಮ್ಮಿಬ್ಬರ ನಡುವೆ ಸುದ್ದಿ ಹೊತ್ತು ಹೊತ್ತು ನನಗೂ ಸಾಕಾಗಿದೆ.

ನಿನ್ನೆ ಕೆಲಸದವರ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಕೊನೆಯ ಸುತ್ತು ಹೊರಟರು. ಕ್ಯಾಪ್ಟನ್ ಬೇಕೆಂದೇ ಹಡಗನ್ನು ಸೇತುವೆಯ ಕೆಳಗೆ ಒಯ್ದರು. ನಡುದಾರಿಯಲ್ಲಿ ಎಂದೂ ಎಂಜಿನ್ ಬಿಟ್ಟು ಬಾರದ ನಿನ್ನಪ್ಪ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತರು. ಕತ್ತೆತ್ತಿ ನೋಡಿದರು, ನೋಡುತ್ತಲೇ ಇದ್ದರು. ಇನ್ನೇನು ಬೈಗುಳ ಶುರು ಎಂದುಕೊಂಡೆ. "ಅವನು ಮಾಡಿದ್ದು ಯಾವ ಕಡೆ?" ಎಂದರು. ನನಗೇನು ಗೊತ್ತು? ಸುಮ್ಮನೆ ಒಂದು ಕಡೆ ಕೈ ತೋರಿಸಿದೆ. "ಗಟ್ಟಿಯಾಗಿದೆ" ಎಂದಷ್ಟೇ ಹೇಳಿ ಕೆಳಗಿಳಿದು ಹೋದರು.

ಬರೆಯಲು ಇನ್ನೂ ಇದೆ, ಕೈ ಸೋತಿದೆ. ಸೊಸೆಗೆ ನನ್ನ ಅಕ್ಕರೆ ಹೇಳು. ತಣ್ಣಗಿರು ಕಂದಾ.

ನಿನ್ನ,
ಅಮ್ಮ

ವಿ.ಸೂ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಹಡಗನ್ನು ಒಡೆಯುವ ಜಾಗಕ್ಕೆ ಮುಟ್ಟಿಸಲು ನಿನ್ನಪ್ಪನೇ ಹೋಗುತ್ತಿದ್ದಾರೆ. ಬರುವ ಶನಿವಾರ ಡೀಸೆಲ್ ತುಂಬಿಸಲು ನಿಮ್ಮೂರಿನ ಬಂದರಿನಲ್ಲಿ ನಿಲ್ಲುತ್ತದಂತೆ. ಅವರಾಗಿ ಕರೆಯುವವರಲ್ಲ. ಆದರೆ ಪೆಟ್ಟಿಗೆ ತುಂಬುವಾಗ ನೀನು ಬಿಟ್ಟುಹೋದ ಸ್ವೆಟರನ್ನು ಮಡಚಿ ಒಳಗಿಟ್ಟರು. ನಾನು ಕಂಡರೂ ಕಾಣದ ಹಾಗಿದ್ದೆ. ನೀನೇ ಹೋಗಿ ಹಡಗು ಹತ್ತು.