ರಾಮಲಿಂಗಪ್ಪ ಎಲ್ಲಿ ಅದ?

ರಾಯಚೂರು
18 ಮಾರ್ಚ್ 1948, ಗುರುವಾರ ಸಂಜೆ

ನಮ್ಮ ಮನೆಯವರಿಗೆ, ನಿಮ್ಮ ಸೂಗಮ್ಮ ಕೈಮುಗಿದು ಬರೆಯುವುದು.

ಗಂಟಲು ಹೇಗಿದೆ? ದೇವದುರ್ಗದ ಹುಡುಗರಿಗೆ ಆಟ ಕಲಿಸುತ್ತ ಎಲ್ಲ ಪಾತ್ರದ ಮಾತನ್ನೂ ನೀವೇ ಕೂಗಿ ಕೂಗಿ ಹೇಳುತ್ತಿರುತ್ತೀರಿ, ನನಗೆ ಗೊತ್ತಿಲ್ಲವೇ? ಬಿಸಿನೀರು ಕುಡಿಯಿರಿ. ಹೊತ್ತಿಗೆ ಸರಿಯಾಗಿ ಉಣ್ಣಿ. ನಾನೂ ಅತ್ತೆಯೂ ಮೈಯಲ್ಲಿ ಆರಾಮವಾಗಿದ್ದೇವೆ. ಮಾನವಿ ಬಿಟ್ಟು ರಾಯಚೂರಿಗೆ ಯಾಕೆ ಬಂದಿರಿ ಎಂದು ಕೇಳುತ್ತೀರಿ. ಗಾಬರಿಯಾಗಬೇಡಿ ಎಂದು ಬರೆಯಬೇಕು, ಆದರೆ ಗಾಬರಿಯಾಗುವ ಸುದ್ದಿಯೇ ಇದೆ. ಮಾವನವರನ್ನು ಪೊಲೀಸರು ಹಿಡಿದು ಇಲ್ಲಿಗೆ ತಂದಿದ್ದಾರೆ. ನಮ್ಮ ಓಣಿಗೆ ಬಳೆ ಮಾರಲು ಬರುತ್ತಿದ್ದ ಮುನ್ನೀ ಬೀ ನಮ್ಮಿಬ್ಬರಿಗೂ ತನ್ನ ಮನೆಯಲ್ಲೇ ಜಾಗ ಕೊಟ್ಟಿದ್ದಾಳೆ. ಈ ಕಾಗದವನ್ನೂ ಅವಳೇ ತರುತ್ತಾಳೆ. ಟಪಾಲಿಗೆ ಹಾಕಿದರೆ ಯಾರ್‍ಯಾರೋ ಒಡೆದು ಓದುವ ಕಾಲ ಇದು.

ಇದಕ್ಕೆಲ್ಲ ನಿಮ್ಮ ಆಟದ ಹೆಸರೇ ಕಾರಣ. ಬಿಟ್ಟಿ ಕೆಲಸ ಮಾಡಲಾರೆ ಎಂದು ಜಾಗೀರದಾರನ ಎದುರು ಸೆಟೆದು ನಿಲ್ಲುವ ಕೂಲಿಯಾಳಿಗೆ ಲೋಕದಲ್ಲಿ ಬೇರೆ ಹೆಸರೇ ಸಿಗಲಿಲ್ಲವೇ? ಹೆತ್ತ ಅಪ್ಪನ ಹೆಸರೇ ಬೇಕಾಗಿತ್ತೇ? ಅವತ್ತು ನಾನು ಕೇಳಿದ್ದಕ್ಕೆ "ನಮ್ಮಪ್ಪ ಜನ್ಮದಾಗ ಮಾಡಲಾರದ್ದನ್ನ ಈ ರಾಮಲಿಂಗಪ್ಪ ಮಾಡ್ತಾನ, ಸುಮ್ನಿರು" ಎಂದು ನಕ್ಕಿರಿ. ಮಾವನವರ ಹೆಸರು ಸೊಸೆ ಬಾಯಲ್ಲಿ ಹೇಳಬಾರದು; ಬರೆಯಲು ಅಡ್ಡಿಯಿಲ್ಲ ಎಂದು ನನಗೆ ಅಕ್ಷರ ಕಲಿಸುವಾಗ ನೀವೇ ಹೇಳಿದ್ದೀರಿ, ಅದಕ್ಕೆ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಅತ್ತೆ ಪಕ್ಕದಲ್ಲೇ ಕುಳಿತಿದ್ದಾರೆ, ಬರೆದಷ್ಟನ್ನೂ ಓದಿ ಹೇಳಬೇಕಂತೆ. ಆ ಹೆಸರು ಬಂದಲ್ಲೆಲ್ಲ ಕೆಮ್ಮುತ್ತಿದ್ದೇನೆ.

ಕಲ್ಲೂರಿನಲ್ಲಿ ಆಟ ಆದ ಮೇಲೆ ಏನಾಯಿತು ಎಂಬುದು ನಿಮಗೆ ಗೊತ್ತೇ ಇಲ್ಲ. "ರಾಮಲಿಂಗಪ್ಪ ಸತ್ತ, ಊರಿಗೆ ಊರೇ ಅತ್ತಿತು" ಎಂದು ಆಟ ನೋಡಿ ಬಂದ ಯಾರೋ ಹೇಳಿದ್ದು ಪೋತ್ನಾಳದಲ್ಲಿ ಮಾವನವರ ತಂಗಿ ಹಂಪಮ್ಮನ ಕಿವಿಗೆ ಬಿದ್ದಿದೆ. ಆಕೆ ಎದೆ ಬಡಿದುಕೊಳ್ಳುತ್ತ ಮಾನವಿಗೆ ಬಂದರೆ ಕದ ತೆಗೆದದ್ದು ಮಾವನವರೇ! ಆ ಹೆಣ್ಣುಮಗಳು ಅಲ್ಲೇ ಕುಸಿದು ಕೂತಳು. "ನಾ ಸತ್ತಿದ್ದು ಊರಿಗೆಲ್ಲ ಗೊತ್ತದ, ನನಗಷ್ಟ ಗೊತ್ತಿಲ್ಲ ನೋಡವ್ವ" ಎಂದು ಮಾವನವರು ನಕ್ಕರು. ಅತ್ತೆ ಮಾತ್ರ ಆ ಇಡೀ ದಿನ ನಿಮ್ಮನ್ನು ಬೈದರು.

ಕಲ್ಲೂರಿನ ಸುದ್ದಿ ಸರಕಾರಕ್ಕೂ ಮುಟ್ಟಿತು. ಆ ಆಟವನ್ನು ಜಪ್ತಿ ಮಾಡಿ ತಾ ಎಂದು ಪೊಲೀಸ್ ಅಮೀನನಿಗೆ ಹುಕುಂ ಬಂದಿದೆ. ಸೋಮವಾರ ಮಧ್ಯಾಹ್ನ ಜವಾನರನ್ನು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದು "ರಾಮಲಿಂಗಪ್ಪ ಎಲ್ಲಿ ಅದ?" ಎಂದು ಗದರಿದ. ಅವನು ಕೇಳಿದ್ದು ಆ ಹೆಸರಿನ ಆಟದ ಪುಸ್ತಕವನ್ನು. ಅವನ ಕನ್ನಡ ಹೊಸದು, ಅವನಿಗೆ ಮನುಷ್ಯರೂ ಎಮ್ಮೆಯೂ ಎಲ್ಲವೂ "ಅದ"ವೇ ಇರಬೇಕು ಎಂದು ಅತ್ತೆ ತಿಳಿದರು. ಬೀಸುವ ಕಲ್ಲಿನ ಮುಂದಿಂದ ಎದ್ದವರೇ "ಅದ ಅಂತೀರಲ್ರೀ! ಅದಾರ ಅನ್ರಿ. ವಯಸ್ಸಾದವ್ರು ಅವ್ರು. ಒಳಗ ಉಣ್ಣಾಕ ಕುಂತಾರ" ಎಂದುಬಿಟ್ಟರು. ನಿಮ್ಮ ಕೈಬರಹದ ಪ್ರತಿ ಅವರ ಬೆನ್ನ ಹಿಂದೆ ಜೋಳದ ಗಡಿಗೆಯಲ್ಲೇ ಇತ್ತು. "ಇಲ್ರೀ" ಎಂಬ ಒಂದು ಮಾತು ಸಾಕಿತ್ತು. ಆದರೆ ಗಂಡನನ್ನು "ಅದ" ಎಂದರೆ ಅತ್ತೆ ಹೇಗೆ ತಡೆದಾರು, ನೀವೇ ಹೇಳಿ.

ಅಮೀನ ಒಂದು ಗಳಿಗೆ ಕಣ್ಣು ಪಿಳುಕಿಸಿದ. ಆಮೇಲೆ ಒಳಗೆ ನುಗ್ಗಿದ. ಮಾವನವರು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತು "ಹೌದ್ರಿ, ನಾನ ರಾಮಲಿಂಗಪ್ಪ" ಎಂದರು. ಗಡಿಗೆ ಯಾರೂ ನೋಡಲಿಲ್ಲ. ಪುಸ್ತಕ ಸಿಗದಿದ್ದರೂ ಆ ಹೆಸರಿನ ಮನುಷ್ಯ ಸಿಕ್ಕನಲ್ಲ ಎಂದು, ಕೈ ತೊಳೆಯಲೂ ಬಿಡದೆ ಎಳೆದುಕೊಂಡು ಹೋದರು. ಅವರು ಓಣಿ ದಾಟಿದ್ದೇ ನಾನು ಆ ಪ್ರತಿಯನ್ನು ಒಲೆಗೆ ಹಾಕಿದೆ. ಸಿಟ್ಟಾಗಬೇಡಿ. ಕೂಲಿ ಮಾಡಿ ಬಂದು ಬುಡ್ಡಿ ಬೆಳಕಿನಲ್ಲಿ ನೀವು ಬರೆದದ್ದು ಅದು. ಉರಿಯುವಾಗ ನನಗೆ ಮಾವನವರ ಸಲುವಾಗಿ ಅಳು ಬಂತೋ ಅದರ ಸಲುವಾಗಿ ಬಂತೋ ತಿಳಿಯಲಿಲ್ಲ.

ಈಗ ಆಟ ಬರೆದವನು ಯಾರು ಎಂದು ಹುಡುಕುತ್ತಿದ್ದಾರೆ. ಠಾಣೆಗೆ ರೊಟ್ಟಿ ಒಯ್ದಾಗ ಮಾವನವರು ಹೇಳಿ ಕಳಿಸಿದ್ದು ಇಷ್ಟು: ಮುದುಕನೆಂದು ನಾಲ್ಕು ದಿನದಲ್ಲಿ ಬಿಟ್ಟುಬಿಡುತ್ತಾರಂತೆ. ನೀವು ಇತ್ತ ತಲೆ ಹಾಕಬಾರದು. ದೇವದುರ್ಗದಲ್ಲಿ ಆಟ ನಿಲ್ಲಿಸಿ, ಹೊಳೆ ದಾಟಿ ಆದವಾನಿ ಕಡೆ ಹೋಗಿಬಿಡಬೇಕು. ಅಲ್ಲಿ ನಿಜಾಮರ ಪೊಲೀಸರು ಬರುವುದಿಲ್ಲ. "ನನ್ನ ಆಣಿ ಅದ ಅಂತ ಬರಿ" ಎಂದರು, ಬರೆದಿದ್ದೇನೆ.

ಅತ್ತೆ ನಿಮಗೆ ನೂರು ವರ್ಷ ಆಯುಸ್ಸು ಆಗಲಿ ಎನ್ನುತ್ತಾರೆ. ಮೊದಲು ಬೈದದ್ದನ್ನು ಬರೆಯಬೇಡ ಎನ್ನುತ್ತಾರೆ. ಮೈ ಕಡೆ ಗಮನವಿರಲಿ.

ನಿಮ್ಮ ದಾರಿ ಕಾಯುವ,
ಸೂಗಮ್ಮ

ತಾ.ಕ.: ಅತ್ತೆ ನೀರಿಗೆ ಹೋಗಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ನಾಲ್ಕು ದಿನದಲ್ಲಿ ಬಿಡುತ್ತಾರೆ ಎಂಬುದು ಸುಳ್ಳು. ಅತ್ತೆಗೆ ತಿಳಿಯಬಾರದೆಂದು ಮಾವನವರು ಹೇಳಿಸಿದ್ದು. ನಿಮಗೂ ತಿಳಿಸಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಾರೆ, ಅದನ್ನು ಮುರಿಯುತ್ತಿದ್ದೇನೆ. ಮಂಗಳವಾರ ಸರಳಿನ ಹಿಂದಿನಿಂದ ನನ್ನನ್ನು ಹತ್ತಿರ ಕರೆದು "ಆಟ ಬರದಾಂವ ನಾನ ಅಂತ ಹೇಳೀನವ್ವ. ಆಟಕ್ಕ ತನ್ನ ಹೆಸರು ತಾನ ಇಟ್ಕಂಡಾನ ಅಂತ ಅಮೀನ ಅರ್ಧ ನಂಬ್ಯಾನ. ನನಗ ಬರಿಯಾಕ ಬರ್ತದೋ ಇಲ್ಲೋ ನೋಡಾಕ ಶನಿವಾರ ಮುನ್ಶಿ ಮುಂದ ಆಟದ ಹೆಸರು ಬರದು ಕೆಳಗ ಸಹಿ ಮಾಡಬೇಕಂತ. ಎರಡೂ ಒಂದ ಹೆಸರು. ಅದೊಂದು ಕಲಿಸಿಬಿಡು" ಎಂದರು. ಒಮ್ಮೆಯೂ ನನ್ನಿಂದ ಏನನ್ನೂ ಕೇಳಿದವರಲ್ಲ. ನೆಲದ ಮಣ್ಣಿನಲ್ಲಿ ಬೆರಳಿಂದ ತಿದ್ದಿಸಿದೆ. ನಿನ್ನೆಯವರೆಗೆ ಕೊನೆಯ ಒತ್ತಕ್ಷರ ಬರುತ್ತಿರಲಿಲ್ಲ. ಇವತ್ತು ಬಂತು, ಮಗುವಿನಂತೆ ನಕ್ಕರು. ಬರೆದರೆ ಎಷ್ಟು ವರ್ಷ ಹಾಕುತ್ತಾರೋ, ಆ ವಯಸ್ಸಿಗೆ ತಿರುಗಿ ಬರುತ್ತಾರೋ ಇಲ್ಲವೋ. ನಾಳೆ ಮಧ್ಯಾಹ್ನದೊಳಗೆ ಮುನ್ನೀ ಬೀ ನಿಮ್ಮ ಹತ್ತಿರ ಇರುತ್ತಾಳೆ. ಬನ್ನಿ ಎಂದೂ ಬರೆಯಲಾರೆ, ಬರಬೇಡಿ ಎಂದೂ ಬರೆಯಲಾರೆ. ಒಂದನ್ನು ಮಾತ್ರ ಹೇಳುತ್ತೇನೆ. ನಾನು ಬೇಕೆಂದೇ ತಪ್ಪು ಅಕ್ಷರ ಕಲಿಸಬಹುದಿತ್ತು. ಮುನ್ಶಿ ನಕ್ಕು ಮುದುಕನನ್ನು ಮನೆಗೆ ಕಳಿಸಿ ನಿಮ್ಮನ್ನು ಹುಡುಕುತ್ತಿದ್ದ. ಅದೆಲ್ಲ ಯೋಚಿಸಿಯೇ ನಾನು ಸರಿಯಾಗಿ ಕಲಿಸಿದೆ. ಅತ್ತೆ ಬಂದರು.