ಹೂಂ ಅಂದವರ ಕೇರಿ

ಸೋಲೋ, ನದಿದಂಡೆಯ ಕೇರಿ
೧೪ ಸೆಪ್ಟೆಂಬರ್ ೨೦೧೯, ಶನಿವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಾತಾಮ್‌ನ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡಿ ಕಣ್ಣು ಉರಿಯುತ್ತದೆ ಎಂದಿದ್ದೆಯಲ್ಲ, ಈಗ ವಾಸಿಯೇ? ಕನ್ನಡಕ ಹಾಕಿಕೊಂಡೇ ಕೆಲಸ ಮಾಡು ಮಾರಾಯ. ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು, ಗೊಣಗಾಟ ಎರಡೂ ಮೊದಲಿನಷ್ಟೇ ಇವೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಅದಕ್ಕೇ ಈ ಪತ್ರ.

ನಮ್ಮ ನದಿದಂಡೆಗೆ ಹೊಸ ರೂಪ ಕೊಡುವ ಯೋಜನೆ ಬಂದಿದೆ. ಪ್ರತಿ ಮನೆಯೂ ನೀರಿನಿಂದ ಮೂರು ಮೀಟರ್ ಹಿಂದೆ ಸರಿಯಬೇಕು. ಇಷ್ಟು ಕಾಲ ನದಿಗೆ ಬೆನ್ನು ಹಾಕಿ ಕಸ ಸುರಿದವರು ಇನ್ನು ಬಾಗಿಲನ್ನೇ ಅದರ ಕಡೆ ತಿರುಗಿಸಬೇಕು. ನಡುವೆ ತಡೆಗೋಡೆ, ಕಾಲುದಾರಿ. ಕೇರಿಯ ಪರವಾಗಿ ಓಡಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಯೋಜನೆ ಒಳ್ಳೆಯದೇ ಅಣ್ಣಾ. ಪ್ರತಿ ಮಳೆಗಾಲದಲ್ಲೂ ಹಾಸಿಗೆ ಹೊತ್ತುಕೊಂಡು ಅಟ್ಟ ಹತ್ತಿ ನನಗೆ ಸಾಕಾಗಿದೆ. ಸಭೆಗಳಿಂದ ಅದಕ್ಕಿಂತ ಹೆಚ್ಚು ಸಾಕಾಗಿದೆ.

ಮೊದಲ ಸಭೆಗೆ ಬಂದ ಎಂಜಿನಿಯರ್ ಪ್ರಸೆತ್ಯೊ ಜಕಾರ್ತಾದಲ್ಲಿ ಬೆಳೆದವನು, ಪಾಪ. ಯಾರೋ ಹೇಳಿಕೊಟ್ಟ ಮರ್ಯಾದೆಯ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು, "ಹಿರಿಯರೇ, ತಮಗೆಲ್ಲ ಒಪ್ಪಿಗೆ ತಾನೇ?" ಎಂದು ಕೈಮುಗಿದ. ಇಡೀ ಕೇರಿ ಕೋಲೆಬಸವನ ಹಾಗೆ ತಲೆಯಾಡಿಸಿ ಹೂಂ ಅಂದಿತು. ಅಮ್ಮನೂ ಅಂದಳು. ಅವನು ಖುಷಿಯಾಗಿ ಹೋದ. ಪಕ್ಕದ ಮನೆಯ ತುಕಿನೆಮ್ ಅಕ್ಕ ಬಾಳೆಲೆಯ ಅಂಟಕ್ಕಿ ಕಡುಬನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, "ಅಷ್ಟು ಮರ್ಯಾದೆ ಕೊಟ್ಟೋನ ಮುಖಕ್ಕೆ ಇಲ್ಲ ಅನ್ನೋಕಾಗುತ್ತೇನೇ? ಹೂಂ ಅಂದ್ವಿ. ಮನೆ ಒಡೀತೀವಿ ಅಂತ ಯಾರೇ ಹೇಳಿದ್ದು?" ಎಂದಳು. ಎಂಜಿನಿಯರ್ ಮತ್ತೆ ಬಂದಾಗ ಒಂದು ಇಟ್ಟಿಗೆಯೂ ಅಲುಗಾಡಿರಲಿಲ್ಲ. "ಎಲ್ರೂ ಒಪ್ಪಿದ್ರಲ್ಲಕ್ಕಾ!" ಎಂದು ನನ್ನ ಮುಂದೆ ಅಳುವುದೊಂದು ಬಾಕಿ.

ಆಮೇಲೆ ಬೇಸಿಗೆಯಿಡೀ ನಾನು ಮನೆಮನೆ ತಿರುಗಿದೆ. ಹೋದಲ್ಲೆಲ್ಲ ಪಾಕದಂಥ ಟೀ ಕುಡಿದು, ಒಬ್ಬೊಬ್ಬರ ಹೊಟ್ಟೆಯಿಂದಲೂ ಮೊದಲು ನಿಜವಾದ ‘ಇಲ್ಲ’ವನ್ನು ಹೊರಡಿಸಿದೆ. ಒಬ್ಬರಿಗೆ ಹಕ್ಕಿಪಂಜರ ತೂಗುಹಾಕಲು ಜಾಗವಿಲ್ಲ, ಇನ್ನೊಬ್ಬರಿಗೆ ಬಟ್ಟೆ ಒಣಹಾಕುವ ಚಿಂತೆ. ಪ್ರಸೆತ್ಯೊ ನಕ್ಷೆ ತಿದ್ದಿದ, ಜನ ಮನೆ ಹಿಂದಕ್ಕೆ ಸರಿಸಿದರು. ಉಳಿದಿರುವುದು ಒಂದೇ ಮನೆ, ನಮ್ಮದು.

ನಮ್ಮ ಪಾಲಿನ ಆ ಮೂರು ಮೀಟರ್ ಎಂದರೆ ನಿನ್ನ ಕೋಣೆ. ಅಮ್ಮ ಈಗಲೂ ಗುರುವಾರ ಸಂಜೆ ಅಲ್ಲಿ ಧೂಳು ಹೊಡೆದು ಹಾಸಿಗೆ ಕೊಡವುತ್ತಾಳೆ. ತಡೆಗೋಡೆಯೂ ಕಾಲುದಾರಿಯೂ ಎರಡು ಕಡೆಯಿಂದ ಬಂದು ನಮ್ಮ ಮನೆಯ ಹತ್ತಿರ ನಿಂತುಬಿಟ್ಟಿವೆ. ನವೆಂಬರಿನಲ್ಲಿ ಮಳೆ ಶುರುವಾದರೆ ಆ ಸಂದಿನಿಂದಲೇ ನೀರು ನುಗ್ಗಿ ಎಲ್ಲರ ಮನೆಗೂ ಹೋಗುತ್ತದೆ. ಯಾರೂ ಬೈಯುವುದಿಲ್ಲ. ತುಕಿನೆಮ್ ಅಕ್ಕ ಮಾತ್ರ ಬುಟ್ಟಿ ಹೊತ್ತು ನಮ್ಮ ಮನೆ ಬಳಸಿ ಹೋಗುವಾಗ, ಅಮ್ಮನಿಗೆ ಕೇಳುವ ಹಾಗೆ, "ಪರವಾಗಿಲ್ಲಪ್ಪ, ಸುತ್ತು ಹಾಕೋದು ಮೈಗೆ ಒಳ್ಳೇದು" ಅನ್ನುತ್ತಾಳೆ. ಬೈದಿದ್ದರೇ ವಾಸಿಯಿತ್ತು.

ಮೊನ್ನೆ ಪ್ರಸೆತ್ಯೊ ಬಂದು ಅಮ್ಮನ ಎದುರು ನೆಲದ ಮೇಲೆ ಕೂತ. "ಆ ಕೋಣೇಲಿ ಯಾರಿದ್ದಾರಜ್ಜಿ?" "ನನ್ನ ಮಗ." "ಎಲ್ಲಿ?" "ಬರ್ತಾನೆ." ಅವನು ಮತ್ತೆ ಕೈಮುಗಿದ. ತೋಫು ಮಾರುವವಳಿಗೂ ಬೇಡ ಅನ್ನಲಾರದ ನಮ್ಮಮ್ಮ, "ಆಗಲ್ಲಪ್ಪ. ಒಡೆಯೋಕೆ ಬಿಡಲ್ಲ" ಅಂದುಬಿಟ್ಟಳು. ಅಂದವಳೇ ಅವನಿಗೆ ಟೀ ಮಾಡಲು ಎದ್ದಳು. ಅಡುಗೆಮನೆಯಲ್ಲಿ ನಾನು ಅತ್ತೆ. ಅರ್ಧ ಅವಳಿಗಾಗಿ, ಅರ್ಧ ನಿನ್ನ ಮೇಲಿನ ಸಿಟ್ಟಿಗೆ.

ಅಮ್ಮನ ಹಾರೈಕೆ ಐದು ಹೊತ್ತಿನ ನಮಾಜಿನಲ್ಲೂ ನಿನಗಿದ್ದೇ ಇದೆ. ತುಕಿನೆಮ್ ಅಕ್ಕನೂ ನಿನ್ನನ್ನು ಕೇಳಿದಳು. ಮೈ ಜೋಪಾನ.

ನಿನ್ನ ತಂಗಿ,
ವಿನಾರ್ಸಿ

ತಾ.ಕ.: ಅಂಚೆಗೆ ಹಾಕಲು ಹೊರಟವಳು ನಿಂತುಕೊಂಡೇ ಬರೆಯುತ್ತಿದ್ದೇನೆ. ಪ್ರತಿ ಈದ್‌ಗೂ ಅಮ್ಮ "ಬರ್ತೀಯಾ?" ಅಂದರೆ ನೀನು "ಹೂಂ ಅಮ್ಮ" ಅನ್ನುತ್ತೀಯ. ಅದು ಎಂಥ ಹೂಂ ಎಂದು ಮನೆಮನೆ ತಿರುಗಿದ ನನಗೆ ಗೊತ್ತು. ಅಲ್ಲೇ ಸಂಸಾರ ಹೂಡಿದ್ದೀಯಂತೆ. ಇರಲಿ, ಅದೇನು ತಪ್ಪಲ್ಲ. ಬರುವುದಾದರೆ ಮಳೆಗೆ ಮುಂಚೆ ಬಾ, ಕೋಣೆಯನ್ನು ನಿನ್ನ ಕೈಯಿಂದಲೇ ಬಿಚ್ಚು, ಅವಳು ತಡೆಯುವುದಿಲ್ಲ. ಬರದಿದ್ದರೆ ಈ ಸಲ ಹೂಂ ಅನ್ನಬೇಡ, ಬರಲ್ಲ ಅಂತಲೇ ಹೇಳಿಬಿಡು. ಈ ವಯಸ್ಸಿನಲ್ಲಿ ‘ಇಲ್ಲ’ ಅನ್ನುವುದನ್ನು ಕಲಿತ ಅಮ್ಮ, ಅದನ್ನು ಕೇಳಿಸಿಕೊಳ್ಳುವುದನ್ನೂ ಕಲಿಯುತ್ತಾಳೆ.